ಅರ್ಜಿಯ ಪತ್ರವೂ ಸತ್ಯಾಣುವ್ರತವೂ

ಸತ್ಯಾಣುವ್ರತಕ್ಕೆ ಹೇಳಲಾಗಿರುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಈ ಶಬ್ದವನ್ನು ಕೇಳಿದೊಡನೆ ಶ್ರಾವಕರ ಮನಸ್ಸಿಗೆ ಬರುವುದು ಖೊಟ್ಟಿ ಸಾಲಪತ್ರ, ತಿದ್ದಿದ ಕ್ರಯಪತ್ರ, ಎರಡು ಬಗೆಯ ಲೆಕ್ಕದ ಪುಸ್ತಕ. ಮನೆಯ ಮಗನೋ ಮಗಳೋ ನೌಕರಿಗಾಗಿ ಬರೆಯುವ ಒಂದು ಪುಟದ ಅರ್ಜಿಪತ್ರವು ಬಹುಶಃ ಯಾರ ನೆನಪಿಗೂ ಬರುವುದಿಲ್ಲ. ಆದರೆ ಮನೆತನದ ವ್ಯಾಪಾರವನ್ನು ಬಿಟ್ಟು ಸಂಬಳದ ಉದ್ಯೋಗಕ್ಕೆ ಹೊರಡುವ ತರುಣರ ಪಾಲಿಗೆ ವ್ರತದ ಮೊದಲ ಪರೀಕ್ಷೆ ನಡೆಯುವುದು ಆ ಪುಟದಲ್ಲಿಯೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ವಾಣಿಜ್ಯ ಪದವಿ ಪಡೆದ ತರುಣನೊಬ್ಬನು ಎರಡು ವರ್ಷ ಸೋದರಮಾವನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದಿದ್ದಾನೆ. ಖರೀದಿ ಮಾರಾಟದ ಬಿಲ್ಲುಗಳನ್ನು ಗಣಕಯಂತ್ರಕ್ಕೆ ಏರಿಸಿದ್ದಾನೆ. ತಿಂಗಳು ತಿಂಗಳೂ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಿದ್ದಾನೆ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿಗೆ ಬೇಕಾದ ಅಂಕಿಗಳನ್ನು ಜೋಡಿಸಿ ಕೊಟ್ಟಿದ್ದಾನೆ. ಆ ವಿವರಪಟ್ಟಿಯನ್ನು ಪರಿಶೀಲಿಸಿ ಸಲ್ಲಿಸಿದವರು ಪಟ್ಟಣದ ಲೆಕ್ಕಪರಿಶೋಧಕರು. ಈಗ ಸಹಕಾರಿ ಸಂಘವೊಂದು ಲೆಕ್ಕಿಗನ ಹುದ್ದೆಗೆ ಅರ್ಜಿ ಕರೆದಿದೆ. ಮೂರು ವರ್ಷದ ಅನುಭವವಿರಬೇಕೆಂದು ಕೇಳಿದೆ. ತರುಣನ ಬಳಿ ನೇಮಕದ ಆದೇಶವಿಲ್ಲ, ಸಂಬಳದ ಚೀಟಿಯಿಲ್ಲ. ಪರಿಚಯದ ಸಂಸ್ಥೆಯಿಂದ ಮೂರು ವರ್ಷದ ಅನುಭವಪತ್ರವನ್ನು ಬರೆಸಿ ತರೋಣವೆನ್ನುತ್ತಾನೆ ತಂದೆ. ಅಜ್ಜಿಯ ಮಾತು ಬೇರೆ: ತನ್ನನ್ನು ತಾನು ಹೊಗಳಿಕೊಳ್ಳುವುದು ಪಾಪ, ಹೆಸರು ಮತ್ತು ಅಂಕಪಟ್ಟಿ ಕಳುಹಿಸಿದರೆ ಸಾಕು, ಪುಣ್ಯವಿದ್ದರೆ ಸಿಕ್ಕೀತು.

ತಂದೆಯ ಮಾತಿಗೆ ಉತ್ತರ ಕಷ್ಟವಲ್ಲ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೂಟಲೇಖವನ್ನು ವಿವರಿಸುವಾಗ, ಒಬ್ಬನು ಆಡದ ಮಾತನ್ನು ಆಡಿದನೆಂದೂ ಮಾಡದ ಕಾರ್ಯವನ್ನು ಮಾಡಿದನೆಂದೂ, ಮತ್ತೊಬ್ಬರ ಪ್ರೇರಣೆಯಿಂದ, ವಂಚನೆಗಾಗಿ ಬರೆಯುವುದು ಎಂಬ ಅರ್ಥವನ್ನು ಕೊಟ್ಟಿದ್ದಾರೆ. ಇಂದಿನ ಖೊಟ್ಟಿ ಅನುಭವಪತ್ರಕ್ಕೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ಯಾರೂ ಬರೆಯಲಾರರು. ಪ್ರೇರಣೆಯ ಮಾತೂ ಅದರಲ್ಲಿ ಬಂದಿರುವುದನ್ನು ತಂದೆತಾಯಿಗಳು ಗಮನಿಸಬೇಕು.

ಅಜ್ಜಿಯ ಮಾತನ್ನು ಹಾಗೆ ತಳ್ಳಿಹಾಕಲಾಗದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ನೀಚಗೋತ್ರ ಕರ್ಮದ ಆಸ್ರವಕ್ಕೆ ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ತೋರುವುದು, ಇವುಗಳನ್ನು ಕಾರಣವಾಗಿ ಹೇಳಿದೆ. ಅರ್ಜಿಪತ್ರವೆಂದರೆ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವುದು. ಹಾಗಾದರೆ ಅದು ಆತ್ಮಪ್ರಶಂಸೆಯಲ್ಲವೇ?

ಇದಕ್ಕೆ ಉತ್ತರವನ್ನು ಶ್ರವಣಬೆಳಗೊಳದಲ್ಲಿ ಹುಡುಕಬಹುದು. ಸುಮಾರು 981ರಲ್ಲಿ ನಿಂತ ಬಾಹುಬಲಿ ಸ್ವಾಮಿಯ ಪಾದಗಳ ಬಳಿ ಒಂದು ಚಿಕ್ಕ ಶಾಸನವಿದೆ. ಚಾವುಂಡರಾಜನು ಇದನ್ನು ಮಾಡಿಸಿದನೆಂಬುದಷ್ಟೇ ಅದರ ವಿಷಯ. ಸಮರಗಳಲ್ಲಿ ಗೆದ್ದು ಬಿರುದುಗಳನ್ನು ಪಡೆದ ಗಂಗರ ಮಂತ್ರಿಯು, ಜಗತ್ತೇ ಬಂದು ನೋಡುವ ಆ ಸ್ಥಳದಲ್ಲಿ, ಬಿರುದುಗಳನ್ನೆಲ್ಲ ಹೊರಗಿಟ್ಟು ಒಂದು ಕ್ರಿಯಾಪದದಿಂದ ಮುಗಿಸಿದ್ದಾನೆ. ಆ ಕ್ರಿಯಾಪದವೂ 'ಮಾಡಿದಂ' ಅಲ್ಲ, 'ಮಾಡಿಸಿದಂ'. ಕೃತ ಮತ್ತು ಕಾರಿತಗಳ ಭೇದವನ್ನು ನಿತ್ಯವೂ ಕೇಳುವ ಸಮಾಜಕ್ಕೆ ಆ ಒಂದು ಅಕ್ಷರದ ತೂಕ ತಿಳಿಯದೆ ಇರದು. ಉಳಿ ಹಿಡಿದವನ ಹೆಸರು ಆ ಸಾಲಿನಲ್ಲಿಲ್ಲವೆಂಬ ಕೊರಗು ಇರಬಹುದು. ಆದರೂ ಅವನ ಕೆಲಸವನ್ನು ಆ ಸಾಲು ಕಸಿದುಕೊಂಡಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಮೂರ್ತಿಯ ಸುತ್ತಣ ಆವರಣವನ್ನು ಕಟ್ಟಿಸಿದಾಗ ಅಲ್ಲಿಯೇ ತನ್ನ ಸಾಲನ್ನೂ ಬರೆಸಿದನು. ಅವನು ಹೇಳಿಕೊಂಡದ್ದು ಸುತ್ತಾಲಯವನ್ನು ಮಾತ್ರ. ಮೂರ್ತಿಯ ಪುಣ್ಯದಲ್ಲಿ ಪಾಲು ಕೇಳಲಿಲ್ಲ. ಆವರಣವು ಚಿಕ್ಕದೆಂದು ಮುಚ್ಚಿಡಲೂ ಇಲ್ಲ.

ಅರ್ಜಿಪತ್ರದಲ್ಲಿ ಹೊಗಳಿಕೆಯಾಗುವುದು ವಿಶೇಷಣ. 'ಅತ್ಯಂತ ದಕ್ಷ', 'ಕಠಿಣ ಪರಿಶ್ರಮಿ', 'ನಾಯಕತ್ವದ ಗುಣವುಳ್ಳವನು' ಎಂಬ ಮಾತುಗಳು ಇತರರು ಕೊಡಬೇಕಾದ ಬಿರುದುಗಳು. ಹಿಂದೆ ಇವನ್ನು ಮಾದರಿ ಪತ್ರಗಳ ಪುಸ್ತಕದಿಂದ ನಕಲು ಮಾಡುತ್ತಿದ್ದರು. ಈಗ ಗಣಕಯಂತ್ರದ ತಂತ್ರಾಂಶವೇ ನಿಮಿಷಾರ್ಧದಲ್ಲಿ ಬರೆದುಕೊಡುತ್ತದೆ. ಭಾಷೆಯನ್ನು ಎರವಲು ಪಡೆಯುವುದರಲ್ಲಿ ದೊಡ್ಡ ದೋಷವಿಲ್ಲ. ಆದರೆ ಆ ಮಾದರಿಗಳು ಭಾಷೆಯೊಡನೆ ಗುಣಗಳನ್ನೂ ಎರವಲು ಕೊಟ್ಟುಬಿಡುತ್ತವೆ. ಕ್ರಿಯಾಪದವಾದರೋ ಹೊಗಳಿಕೆಯಲ್ಲ, ಅದು ಮಾಹಿತಿ. ಕೆಲಸ ಕೊಡುವವನು ಕೇಳುತ್ತಿರುವುದೂ ಅದನ್ನೇ. ಕೇಳಿದವನಿಗೆ ಇದ್ದುದನ್ನು ಹೇಳದಿರುವುದು ವಿನಯವೆನಿಸದು.

ಆ ತರುಣನು ಹೀಗೆ ಬರೆಯಬಹುದು: ಯಾವ ಹುದ್ದೆಗೆ ಅರ್ಜಿ, ಪ್ರಕಟಣೆಯನ್ನು ಎಲ್ಲಿ ಕಂಡದ್ದು, ಸೋದರಮಾವನ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದದ್ದು, ಬಿಲ್ಲುಗಳನ್ನು ತಾನು ಏರಿಸಿ ತಾಳೆ ನೋಡಿದ್ದು, ತೆರಿಗೆಯ ಅಂಕಿಗಳನ್ನು ತಾನು ಜೋಡಿಸಿದ್ದು, ಸಲ್ಲಿಸಿದವರು ಲೆಕ್ಕಪರಿಶೋಧಕರು, ಸಹಕಾರಿ ಸಂಘದ ಲೆಕ್ಕದ ಪದ್ಧತಿ ತನಗೆ ಹೊಸದು, ಕಲಿಯಲು ಸಿದ್ಧ. 'ತೆರಿಗೆಯ ವ್ಯವಹಾರವನ್ನೆಲ್ಲ ನಿರ್ವಹಿಸಿದ್ದೇನೆ' ಎಂದು ಬರೆದಿದ್ದರೆ ಪರರ ಗುಣವನ್ನು ಮುಚ್ಚಿದ ದೋಷ, ಇಲ್ಲದ ಗುಣವನ್ನು ತೋರಿದ ದೋಷ, ಎರಡೂ ಒಂದೇ ವಾಕ್ಯದಲ್ಲಿ ಸೇರುತ್ತಿದ್ದವು. ಇದೆಲ್ಲ ಅರ್ಧ ಪುಟದ ಕೆಲಸ. ಸಂದರ್ಶನದಲ್ಲಿ ಯಾವ ಸಾಲಿನ ಮೇಲೆ ಪ್ರಶ್ನೆ ಬಂದರೂ ಅವನು ತಡವರಿಸಬೇಕಾಗಿಲ್ಲ.

ಇಷ್ಟಾದರೂ ಆ ಹುದ್ದೆ ಅವನಿಗೆ ಸಿಕ್ಕೇ ಸಿಗುತ್ತದೆಂದು ಹೇಳಬರುವುದಿಲ್ಲ. ಮೂರು ವರ್ಷದ ಖೊಟ್ಟಿ ಪತ್ರವನ್ನು ತಂದ ಬೇರೊಬ್ಬನಿಗೆ ಸಿಗಬಹುದು. ಸತ್ಯಕ್ಕೆ ಸದಾ ಲಾಭವೇ ಆಗುತ್ತದೆಂದು ಮಕ್ಕಳಿಗೆ ಕಲಿಸಿದರೆ ಅದೇ ಒಂದು ಸುಳ್ಳಾದೀತು. ವ್ರತವೆಂದರೆ ನಷ್ಟದ ಸಾಧ್ಯತೆಯನ್ನು ತಿಳಿದೇ ಕೈಕೊಂಡದ್ದು. ಖೊಟ್ಟಿ ಪತ್ರದವನ ಪಾಡೂ ಸುಖವಲ್ಲ: ಮುಂದಿನ ಪ್ರತಿ ಅರ್ಜಿಯಲ್ಲಿಯೂ ಆ ಇಲ್ಲದ ಮೂರು ವರ್ಷಗಳನ್ನು ಅವನು ಮತ್ತೆ ಮತ್ತೆ ನಕಲು ಮಾಡುತ್ತಿರಬೇಕು.

ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಪಾಲಿದೆ. ಮುಖಪರಿಚಯವೂ ಇಲ್ಲದ ತರುಣನಿಗೆ, ತಂದೆ ದೊಡ್ಡ ದಾನಿಯೆಂಬ ಕಾರಣಕ್ಕೆ, ಹತ್ತು ವರ್ಷದಿಂದ ಬಲ್ಲೆವೆಂದು ಸನ್ನಡತೆಯ ಪತ್ರ ಕೊಡುವುದು ಕೂಟಲೇಖವಲ್ಲದೆ ಮತ್ತೇನು? ಇನ್ನು ಟ್ರಸ್ಟಿನ ಶಾಲೆಗೋ ಕಚೇರಿಗೋ ಗುಮಾಸ್ತರು ಬೇಕಾದಾಗ, ಹೊಸಬನು ಆರು ತಿಂಗಳಲ್ಲಿ ಕಲಿಯಬಲ್ಲ ಕೆಲಸಕ್ಕೆ ಐದು ವರ್ಷದ ಅನುಭವವನ್ನು ಕೇಳಿ ಪ್ರಕಟಣೆ ಕೊಡುವುದುಂಟು. ಆ ಒಂದು ಸಾಲು ಎಷ್ಟು ಮನೆಗಳಲ್ಲಿ ಸುಳ್ಳನ್ನು ಬರೆಸುತ್ತದೆಂದು ಕಾರ್ಯಕಾರಿ ಸಮಿತಿಯು ಒಮ್ಮೆ ಯೋಚಿಸಬೇಕು, ಬರೆಯಿಸುವುದೂ ಕಾರಿತವೇ.

ವಿಚಿತ್ರವೆಂದರೆ, ಆ ತರುಣನ ಮನೆಯಲ್ಲಿ ನಡೆದ ಚರ್ಚೆಯಲ್ಲಿ ಸೋದರಮಾವನ ನೆನಪು ಯಾರಿಗೂ ಬರಲಿಲ್ಲ. ಸಂಬಂಧವನ್ನು ಮರೆಮಾಚದೆ, ಸಂಬಳ ಕೊಟ್ಟಿಲ್ಲವೆಂಬುದನ್ನೂ ಸೇರಿಸಿ, ಈತನು ಎರಡು ವರ್ಷ ನನ್ನ ಮಂಡಿಯ ಲೆಕ್ಕ ಬರೆದಿದ್ದಾನೆಂದು ಒಂದು ಕಾಗದವನ್ನು ರುಜು ಮಾಡಿಕೊಡಲು ಅವನೊಬ್ಬನಿಗೇ ಅಧಿಕಾರವಿತ್ತು.