ಸಿಡಿಮದ್ದು ಮುಗಿದ ಮೇಲೆ

ಸಿನಿಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ನನಗೆ ವಯಸ್ಸಾಯಿತೇ ಹೊರತು ಆ ಹುಚ್ಚಿಗೆ ಆಗಲಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಇಂಗ್ಲಿಷ್ ಚಿತ್ರ ನೋಡಲು ಕೂತೆ. ವೆಸ್ ಆಂಡರ್ಸನ್ ಎಂಬ ಅಮೆರಿಕದ ನಿರ್ದೇಶಕ 2004ರಲ್ಲಿ ತೆಗೆದ ‘ದಿ ಲೈಫ್ ಅಕ್ವಾಟಿಕ್ ವಿತ್ ಸ್ಟೀವ್ ಜಿಸ್ಸೂ’. ಜೊತೆಗೆ ಕೂತಿದ್ದ ಮಗಳು ಅರ್ಧ ಗಂಟೆ ನೋಡಿ, “ನಗೋ ಕಡೆ ಅಳು ಬರುತ್ತೆ, ಅಳೋ ಕಡೆ ನಗು ಬರುತ್ತೆ. ಇದೆಂಥ ಕಾಮಿಡಿ ಅಮ್ಮ?” ಎಂದು ಎದ್ದು ಹೋದಳು. ನಾನು ಏಳಲಿಲ್ಲ. ಆಮೇಲೆ ಇನ್ನೆರಡು ಸಲ ನೋಡಿದೆ.

ಕಥೆ ಇಷ್ಟು. ಸ್ಟೀವ್ ಜಿಸ್ಸೂ ಕಡಲಿನ ಮೇಲೆ ಸಾಕ್ಷ್ಯಚಿತ್ರ ತೆಗೆಯುವವನು. ಒಂದು ಕಾಲದಲ್ಲಿ ಹೆಸರು ಮಾಡಿ ಈಗ ಮಂಕಾದವನು. ಬಿಲ್ ಮರ್ರಿ ಈ ಪಾತ್ರ ಮಾಡಿದ್ದಾನೆ. ಸ್ಟೀವ್‌ನ ಹಳೆಯ ಗೆಳೆಯನನ್ನು ಮೈಮೇಲೆ ಚುಕ್ಕೆಗಳಿರುವ ಒಂದು ದೊಡ್ಡ ಶಾರ್ಕ್ ಮೀನು ತಿಂದುಹಾಕುತ್ತದೆ. ಅದನ್ನು ಹುಡುಕಿ ಡೈನಮೈಟ್ ಇಟ್ಟು ಕೊಲ್ಲುತ್ತೇನೆ ಎಂದು ಹೊರಡುತ್ತಾನೆ. ಇಂಥ ಅಪರೂಪದ ಪ್ರಾಣಿಯನ್ನು ಕೊಲ್ಲುವುದರಿಂದ ವಿಜ್ಞಾನಕ್ಕೇನು ಲಾಭ ಎಂದು ತುಂಬಿದ ಸಭೆಯಲ್ಲಿ ಯಾರೋ ಕೇಳುತ್ತಾರೆ. ಅವನ ಉತ್ತರ ಒಂದೇ ಪದ: ಸೇಡು. ನಾನು ಜೋರಾಗಿ ನಕ್ಕೆ. ಮೀನಿನ ಮೇಲೆ ಸೇಡೇ!

ನಗಿಸುವುದು ಬೇಕಾದಷ್ಟಿದೆ. ಎಲ್ಲರಿಗೂ ಕೆಂಪು ಉಣ್ಣೆ ಟೋಪಿ. ಹಡಗನ್ನು ನಡುವೆ ಸೀಳಿ ಗೊಂಬೆಮನೆಯ ಹಾಗೆ ಒಳಗಿನ ಕೋಣೆಗಳನ್ನೆಲ್ಲ ತೋರಿಸುತ್ತಾರೆ. ಅದನ್ನು ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಕಟ್ಟಿದ್ದರಂತೆ. ಬ್ರೆಜಿಲ್‌ನ ಗಾಯಕ ಸೆಯು ಜಾರ್ಜಿ ಹಡಗಿನ ಮೇಲೆ ಗಿಟಾರ್ ಹಿಡಿದು ಡೇವಿಡ್ ಬೋವಿಯ ಹಾಡುಗಳನ್ನು ಪೋರ್ಚುಗೀಸ್ ಭಾಷೆಯಲ್ಲಿ ಹಾಡುತ್ತಾನೆ. ಕೆಲಸ ಕಲಿಯಲು ಬಂದ ವಿದ್ಯಾರ್ಥಿಗಳಿದ್ದಾರೆ, ಪಾಪ. ಎಲ್ಲರಿಗೂ ಒಂದೊಂದು ಪಿಸ್ತೂಲು ಹಂಚುವಾಗ ಈ ಮಕ್ಕಳಿಗೆಲ್ಲ ಸೇರಿ ಒಂದೇ ಒಂದು! ದುಡಿಸುವಾಗ ಇಡೀ ತರಗತಿ, ಕೊಡುವಾಗ ಒಬ್ಬರ ಪಾಲು. ಕಡಲ್ಗಳ್ಳರು ಬರುವ ಭಾಗ ಮಾತ್ರ ಎಳೆದಂತಾಗಿದೆ. ಇಡೀ ತಂಡದ ಬುದ್ಧಿ ಸ್ಟೀವ್‌ನ ಹೆಂಡತಿ ಎಲಿನೋರಳದು ಎಂದು ಚಿತ್ರವೇ ಹೇಳುತ್ತದೆ. ಆದರೆ ಆಂಜೆಲಿಕಾ ಹ್ಯೂಸ್ಟನ್‌ಳಂಥ ನಟಿಯನ್ನು ಕರೆತಂದೂ ಆ ಹೆಂಗಸಿಗೆ ಕೊಟ್ಟಿರುವ ಜಾಗ ಸಾಲದು. ಇದು ಎಲ್ಲ ದೇಶದ ಗಂಡಸರ ಕಥೆಯೇನೋ.

ಈ ಸ್ಟೀವ್ ಪಾತ್ರದ ಹಿಂದೆ ಫ್ರಾನ್ಸಿನ ಝಾಕ್ ಕುಸ್ತೋ ಇದ್ದಾರೆ. 1910ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಕಡಲ ಶೋಧಕ. ಅವರ ಹಡಗಿನ ಹೆಸರು ಕ್ಯಾಲಿಪ್ಸೋ, ಸಿನಿಮಾದ ಹಡಗಿಗೆ ಬೆಲಫಾಂಟೆ. ಕ್ಯಾಲಿಪ್ಸೋ ಶೈಲಿಯ ಹಾಡುಗಳಿಗೆ ಹೆಸರಾದ ಗಾಯಕ ಹ್ಯಾರಿ ಬೆಲಫಾಂಟೆಯನ್ನು ಬಲ್ಲವರಿಗೆ ಈ ತಮಾಷೆ ತಿಳಿಯುತ್ತದೆ. ಕುಸ್ತೋ ಅವರು ಲೂಯಿ ಮಾಲ್ ಜೊತೆ ತೆಗೆದ ‘ದಿ ಸೈಲೆಂಟ್ ವರ್ಲ್ಡ್’ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಅದರಲ್ಲಿ ಒಂದು ಪ್ರಸಂಗವಿದೆ. ತಿಮಿಂಗಿಲದ ಮರಿಯೊಂದು ಇವರದೇ ಹಡಗಿನ ಪ್ರೊಪೆಲ್ಲರಿಗೆ ಸಿಕ್ಕಿ ಗಾಯಗೊಳ್ಳುತ್ತದೆ. ನರಳುವುದು ಬೇಡವೆಂದು ಇವರೇ ಅದನ್ನು ಕೊಲ್ಲುತ್ತಾರೆ. ರಕ್ತದ ವಾಸನೆಗೆ ಶಾರ್ಕುಗಳು ಬಂದು ಅದನ್ನು ತಿನ್ನತೊಡಗುತ್ತವೆ. ಆಗ ಹಡಗಿನವರಿಗೆ ಎಲ್ಲಿಲ್ಲದ ಸಿಟ್ಟು! ಶಾರ್ಕುಗಳನ್ನು ಮೇಲಕ್ಕೆಳೆದು ಬಡಿದು ಕೊಲ್ಲುತ್ತಾರೆ. ಮರಿ ಸತ್ತದ್ದು ಯಾರಿಂದ? ಸೇಡು ತೀರಿದ್ದು ಯಾರ ಮೇಲೆ? ಅದೇ ಚಿತ್ರದಲ್ಲಿ, ಮೀನುಗಳನ್ನು ಎಣಿಸುವುದಕ್ಕೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಸಿಡಿಸುವುದೂ ಇದೆ. ಇದೇ ಕುಸ್ತೋ ಮುಂದೆ ಕಡಲಿನ ರಕ್ಷಣೆಗಾಗಿ ಜಗತ್ತಿನಲ್ಲೆಲ್ಲ ದನಿಯೆತ್ತಿದರು ಎಂಬುದನ್ನೂ ಮರೆಯಬಾರದು. ಮನುಷ್ಯ ಬದಲಾಗುತ್ತಾನೆ, ನಿಜ. ಸತ್ತ ಶಾರ್ಕುಗಳಿಗೆ ಮಾತ್ರ ಆ ಸುದ್ದಿ ತಲುಪುವುದಿಲ್ಲ.

ನಮ್ಮ ಗೋವಿನ ಹಾಡಿನ ಹುಲಿ ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ. ಆ ಪಾಠ ಮುಗಿದಾಗಲೆಲ್ಲ ಯಾವುದಾದರೂ ಮಗು, “ಹುಲಿ ಯಾಕೆ ಸಾಯಬೇಕಿತ್ತು ಮಿಸ್? ಅದಕ್ಕೆ ಹಸಿವಾಗಿತ್ತಲ್ಲ?” ಎಂದು ಕೇಳಿಯೇ ಕೇಳುತ್ತದೆ. ನಾನು ಇದುವರೆಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಈ ಚಿತ್ರದ ಶಾರ್ಕ್‌ಗೆ ಪಶ್ಚಾತ್ತಾಪವಿಲ್ಲ. ಕೊನೆಯಲ್ಲಿ, ಮಗನೆಂದು ಹೇಳಿಕೊಂಡು ಬಂದ ತರುಣನನ್ನೂ ಕಳೆದುಕೊಂಡ ಸ್ಟೀವ್, ಎಲ್ಲರ ಜೊತೆ ಒಂದು ಪುಟ್ಟ ಜಲಾಂತರ್ಗಾಮಿಯಲ್ಲಿ ಕಡಲ ತಳಕ್ಕೆ ಇಳಿಯುತ್ತಾನೆ. ಆ ಮೀನು ಬರುತ್ತದೆ. ಎಷ್ಟು ದೊಡ್ಡದು, ಎಷ್ಟು ಚೆಂದ! ಅವನು ಕೊಲ್ಲುವುದಿಲ್ಲ. ಅದರ ಚೆಲುವಿಗೆ ಸೋತದ್ದೂ ಹೌದು, ಡೈನಮೈಟ್ ಮುಗಿದುಹೋಗಿದ್ದೂ ಹೌದು. ಇದಕ್ಕೆ ನನ್ನ ನೆನಪಿದೆಯೋ ಏನೋ ಎನ್ನುತ್ತಾ ಅಳುತ್ತಾನೆ. ಸುತ್ತ ಕೂತವರು ಒಬ್ಬೊಬ್ಬರಾಗಿ ಅವನ ಮೈಮೇಲೆ ಕೈಯಿಡುತ್ತಾರೆ.

ಇದು ಕ್ಷಮೆಯೇ? ಕ್ಷಮೆ ವೀರನಿಗೆ ಭೂಷಣ ಎನ್ನುತ್ತಾರೆ ಹಿರಿಯರು. ಕೈಲಾಗದವನು ಮೈ ಪರಚಿಕೊಂಡ ಎಂದು ಗಾದೆಯೂ ಇದೆ. ಇವನು ವೀರನೂ ಅಲ್ಲ, ಮೈ ಪರಚಿಕೊಳ್ಳುತ್ತಲೂ ಇಲ್ಲ. ಬರಿಗೈಯಲ್ಲಿ ಕೂತು ನೋಡುತ್ತಿದ್ದಾನೆ. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಶಾರ್ಕ್‌ನ ಸಾವಲ್ಲ, ತನಗಾದ ನೋವು ಅದಕ್ಕೆ ಗೊತ್ತಿರಬೇಕು ಎಂಬುದು ಎಂದು ನನಗನ್ನಿಸಿತು. ಹಾಗನ್ನಿಸಲು ನನ್ನದೇ ಒಂದು ಕಾರಣವಿದೆ.

ಬಹಳ ವರ್ಷಗಳ ಹಿಂದೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಲೆ ಸುಳ್ಳು ದೂರು ಬರೆದರು. ನನಗೆ ವರ್ಗವಾಯಿತು. ನಾಲ್ಕು ವರ್ಷದ ಮಗಳನ್ನು ಅತ್ತೆಯವರ ಹತ್ತಿರ ಬಿಟ್ಟು, ಎರಡು ಬಸ್ಸು ಬದಲಿಸಿ, ಮೂರು ವರ್ಷ ಓಡಾಡಿದೆ. ಆಮೇಲೆ ಅವರದೇ ಲೆಕ್ಕದ ತಪ್ಪೊಂದರ ಕಾಗದ ನನ್ನ ಕೈಗೆ ಬಂತು. ಅದರ ಪ್ರತಿಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡೆ. ಇವತ್ತು ಕಳಿಸುತ್ತೇನೆ, ನಾಳೆ ಕಳಿಸುತ್ತೇನೆ ಎನ್ನುತ್ತಲೇ ದಿನ ಕಳೆದವು. ಧೈರ್ಯ ಸಾಲದೆ ಕಳಿಸಲಿಲ್ಲ, ಒಳ್ಳೆಯತನದಿಂದಲ್ಲ. ಅವರು ನಿವೃತ್ತರಾದರು. ಕಾಗದ ಬರೀ ಕಾಗದವಾಯಿತು.

ಈ ಚಿತ್ರ ನೋಡುವುದಕ್ಕೆ ಕೆಲವು ತಿಂಗಳ ಮುಂಚೆ ಒಂದು ಮದುವೆಯಲ್ಲಿ ಅವರನ್ನು ನನ್ನ ಪಕ್ಕದ ಎಲೆಗೆ ತಂದು ಕೂರಿಸಿದರು. ಕೈ ನಡುಗುತ್ತಿತ್ತು. ಹೋಳಿಗೆ ಮುರಿಯಲಾಗುತ್ತಿರಲಿಲ್ಲ. ತುಪ್ಪ ಬಡಿಸುವ ಹುಡುಗನನ್ನು ಕರೆದು ಮೆತ್ತಗಾಗುವಷ್ಟು ಹಾಕಿಸಿದೆ. ನೀರಿನ ಲೋಟ ಹತ್ತಿರ ಸರಿಸಿದೆ. ಎದುರಿನ ಪಂಕ್ತಿಯಲ್ಲಿದ್ದ ಹಳೆಯ ಗೆಳತಿ ಆಮೇಲೆ, “ನಿಂದು ದೊಡ್ಡ ಮನಸ್ಸು ಕಣೇ” ಎಂದಳು. ನಾನು ಸುಮ್ಮನಿದ್ದೆ.

ಊಟದ ನಡುವೆ ಅವರು ನನ್ನ ಮುಖವನ್ನೇ ನೋಡಿ, “ಎಲ್ಲೋ ನೋಡಿದ ಹಾಗಿದೆಯಲ್ಲ. ಯಾರ ಕಡೆಯವರು ನೀವು?” ಎಂದು ಕೇಳಿದ್ದರು.

“ಹುಡುಗಿ ಕಡೆಯವರು, ಮೇಡಂ” ಎಂದೆ.

ಮನೆಗೆ ಬಂದು ಉಟ್ಟಿದ್ದ ಸೀರೆ ಬಿಚ್ಚಿ, ಗಾಳಿಗೆ ಹರವಿ, ಮರುದಿನ ಮಡಿಸಿ ಟ್ರಂಕಿನಲ್ಲಿಟ್ಟೆ. ಕಾಗದ ಅಲ್ಲೇ ಇತ್ತು. ಈಗಲೂ ಇದೆ.