ಗೊತ್ತಿಲ್ಲ ಎನ್ನುವುದೂ ಒಂದು ಉತ್ತರ

ತರಗತಿಯಲ್ಲಿ ‘ಗೊತ್ತಿಲ್ಲ ಟೀಚರ್’ ಎನ್ನುವ ಮಕ್ಕಳ ಮೇಲೆ ನಾನು ಎಷ್ಟೋ ವರ್ಷ ರೇಗಿದ್ದೇನೆ. ಏನಾದರೂ ಹೇಳು, ಗೊಂಬೆಯ ಹಾಗೆ ನಿಲ್ಲಬೇಡ ಎಂದು ಗದರಿದ್ದೇನೆ. ಅದೂ ಒಂದು ಪ್ರಾಮಾಣಿಕ ಉತ್ತರವೆಂದು ನನಗೆ ಮನಗಾಣಿಸಿದವರು ಇಬ್ಬರು. ಒಬ್ಬಳು ನನ್ನ ವಿದ್ಯಾರ್ಥಿನಿ. ಇನ್ನೊಬ್ಬರು ನಾನು ಕಂಡೇ ಇರದ ಎಡ್ಗರ್ ಕಾಡ್.

ಕಾಡ್ ಅವರ ಹೆಸರು ಹೇಳಿದವಳು ನನ್ನ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದವಳು, ನಾನು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುವುದನ್ನು ನೋಡಿ, “ಅಮ್ಮಾ, ನಾವು ಮಾಡೋದೂ ಇದನ್ನೇ” ಎಂದು ನಕ್ಕಳು. ಬಿಎ ಓದಿದ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು.

ಕಾಡ್ 1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಗಣಿತ ಓದಿ, ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿ ಸೇರಿದರು. ಆಗೆಲ್ಲ ಕಂಪ್ಯೂಟರಿನ ಮಾಹಿತಿ ಕೊಂಬೆಗೆ ಕೊಂಬೆ ಸೇರಿದ ಮರದ ಹಾಗೆ ಇರುತ್ತಿತ್ತಂತೆ. ಬೇಕಾದದ್ದನ್ನು ತೆಗೆಯಲು ಯಾವ ಕೊಂಬೆ ಹಿಡಿದು ಹೋಗಬೇಕೆಂಬ ದಾರಿಯೂ ತಿಳಿದಿರಬೇಕಿತ್ತು. ಅಟ್ಟದ ಮೇಲೆ ಹಪ್ಪಳದ ಡಬ್ಬ ಎಲ್ಲಿದೆಯೆಂದು ಅತ್ತೆಯವರೊಬ್ಬರಿಗೇ ಗೊತ್ತಿರುವುದಿಲ್ಲವೇ, ಹಾಗೆ! 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದ ಕಾಡ್ 11 ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಸಾಲು, ಕಾಲಂಗಳ ಪಟ್ಟಿಗಳಾಗಿ ಇಡಿ. ಏನು ಬೇಕೆಂದಷ್ಟೇ ಕೇಳಿ, ಹುಡುಕುವುದು ಯಂತ್ರದ ಪಾಲಿಗಿರಲಿ ಎಂದರು. ಅದಕ್ಕೆ ತಳಪಾಯ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಗಣಗಳ ಪಾಠ ಮತ್ತು ತರ್ಕಶಾಸ್ತ್ರ. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

“ಪಟ್ಟಿಯ ಒಂದೊಂದು ಸಾಲೂ ಒಂದೊಂದು ವಾಕ್ಯ ಅಮ್ಮಾ. ಇದು ನಿಜ ಅಂತ ಸಾಕ್ಷಿ ಹೇಳಿದ ಹಾಗೆ” ಎಂದಳು ಮಗಳು. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

2001ರ ಜೂನ್. ಎಂಟನೇ ತರಗತಿಯ ದಾಖಲಾತಿ ನಡೆಯುತ್ತಿತ್ತು. ಮಗಳ ಕೈ ಹಿಡಿದುಕೊಂಡು ಬಂದ ಒಬ್ಬಾಕೆಯನ್ನು ತಂದೆಯ ಉದ್ಯೋಗವೇನೆಂದು ಕೇಳಿದೆ. “ಗೊತ್ತಿಲ್ಲ ಟೀಚರ್. ಮುಂಬೈಗೆ ಹೋದೋರು, ಎರಡು ವರ್ಷದಿಂದ ಕಾಗದ ಇಲ್ಲ” ಎಂದಳು. ಹಿಂದೆ ಸಾಲು ನಿಂತಿತ್ತು. ಖಾಲಿ ಬಿಟ್ಟರೆ ಮುಖ್ಯೋಪಾಧ್ಯಾಯರು ಪ್ರಶ್ನಿಸುತ್ತಾರೆ. ಗಂಡ ಬಿಟ್ಟುಹೋದನೆಂದು ಬರೆದರೆ ಹುಡುಗಿಗೆ ಅವಮಾನ. ಮರ್ಯಾದೆಯ ಪದವೆಂದು ‘ದಿವಂಗತ’ ಎಂದು ಬರೆದೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಓದು ಬಾರದ ಆ ತಾಯಿ, ಹಣೆಯ ತುಂಬ ಕುಂಕುಮವಿಟ್ಟವಳು, ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಹತ್ತನೇ ತರಗತಿಯ ಪರೀಕ್ಷೆಯ ಅರ್ಜಿ ತುಂಬುವಾಗ ಆ ಹುಡುಗಿ ತನ್ನ ವಿವರ ನೋಡಿಕೊಳ್ಳಲು ಬಂದಳು. ಆ ಸಾಲನ್ನು ಎರಡು ಸಲ ಓದಿದಳು. ಮೆಲ್ಲಗೆ ಕೇಳಿದಳು: “ಟೀಚರ್, ನಮ್ಮಪ್ಪ ತೀರಿಕೊಂಡರು ಅಂತ ನಿಮಗೆ ಕಾಗದ ಬಂತಾ?”

ನಾನು ಏನೆಂದು ಉತ್ತರ ಕೊಡಲಿ?

ಇದನ್ನೆಲ್ಲ ಕೇಳಿದ ಮಗಳು ಹೇಳಿದ್ದು ಇಷ್ಟು. ಕಾಡ್ ಈ ಖಾಲಿ ಜಾಗದ ಬಗ್ಗೆಯೂ ಬಹಳ ಯೋಚಿಸಿದ್ದರಂತೆ. 1979ರ ಲೇಖನದಲ್ಲಿ ತಿಳಿಯದ ಮಾಹಿತಿಯ ಜಾಗಕ್ಕೆ ‘ನಲ್’ ಎಂಬ ಗುರುತಿಟ್ಟು ಲೆಕ್ಕ ಮಾಡುವ ಬಗೆಯನ್ನು ವಿವರಿಸಿದರು. ಅದು ಸೊನ್ನೆಯಲ್ಲ, ‘ಇಲ್ಲ’ವೂ ಅಲ್ಲ. ಅದರಿಂದ ತರ್ಕಕ್ಕೆ ನಿಜ, ಸುಳ್ಳು ಎಂಬ ಎರಡರ ಜೊತೆಗೆ ‘ತಿಳಿಯದು’ ಎಂಬ ಮೂರನೆಯ ಉತ್ತರ ಸೇರಿತು. 1990ರ ಪುಸ್ತಕದಲ್ಲಿ ಖಾಲಿಯಲ್ಲೂ ಎರಡು ಬಗೆ ಮಾಡಿದರು. ಮದುವೆಯೇ ಆಗದವಳ ಗಂಡನ ಹೆಸರು ಒಂದು ಖಾಲಿ. ಮದುವೆಯಾದವಳ ಗಂಡನ ಹೆಸರು ನಮಗೆ ತಿಳಿಯದಿದ್ದರೆ ಅದು ಬೇರೆಯೇ ಖಾಲಿ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಕಾಡ್ ಜೊತೆಗೇ ದುಡಿದ ಕ್ರಿಸ್ ಡೇಟ್ ‘ನಲ್’ ಬೇಡವೇ ಬೇಡ ಎಂದು ವಾದಿಸಿದರು. ತೊಡಕು ಇರುವುದೂ ನಿಜವೇ. ಒಬ್ಬ ಮನುಷ್ಯ ಒಂದೋ ಬದುಕಿರಬೇಕು, ಇಲ್ಲವೇ ಬದುಕಿಲ್ಲದಿರಬೇಕು. ಇಷ್ಟಾದರೂ ಖಂಡಿತ ತಾನೇ? ಕಾಡ್ ಲೆಕ್ಕದಲ್ಲಿ ಅದಕ್ಕೂ ‘ತಿಳಿಯದು’ ಎಂದೇ ಉತ್ತರ ಬರುತ್ತದೆ. ತರ್ಕ ಬಲ್ಲವರಿಗೆ ಇದು ದೋಷ. ಆದರೆ ಆ ತಾಯಿ ಎಷ್ಟೋ ವರ್ಷ ಕುಂಕುಮವಿಟ್ಟುಕೊಂಡು ಬಾಳಿದ್ದು ಈ ಮೂರನೆಯ ಉತ್ತರದಲ್ಲೇ ಅಲ್ಲವೇ? ಆಕೆಗೆ ಉಳಿದಿದ್ದ ಅಷ್ಟನ್ನೂ ನಾನು ಒಂದು ಪದದಿಂದ ಅಳಿಸಿದ್ದೆ.

ಅಂದೇ ಮುಖ್ಯೋಪಾಧ್ಯಾಯರ ಮುಂದೆ ತಪ್ಪೊಪ್ಪಿಕೊಂಡು, ‘ದಿವಂಗತ’ಕ್ಕೆ ಕೆಂಪು ಗೆರೆ ಎಳೆದು, ‘ತಿಳಿದಿಲ್ಲ’ ಎಂದು ಬರೆದು ಸಹಿ ಹಾಕಿಸಿದೆ. ಹುಡುಗಿ ನೋಡಿ ತಲೆಯಾಡಿಸಿ ಹೋದಳು. ನನ್ನ ಬಗ್ಗೆ ಏನೆಂದುಕೊಂಡಳೋ ತಿಳಿಯದು.

ರಿಜಿಸ್ಟರಿನ ಮಾತು ಹಾಗಿರಲಿ. ಪಕ್ಕದ ಮನೆಯ ಸೊಸೆ ತವರಿನಿಂದ ಯಾಕೆ ಬಂದಿಲ್ಲ, ಎದುರುಮನೆಯವರಿಗೆ ಮಕ್ಕಳು ಯಾಕೆ ಆಗಿಲ್ಲ, ಇಂಥ ಕಾಲಂಗಳನ್ನು ನಾವು ಹೆಂಗಸರು ಎಷ್ಟು ಸಲೀಸಾಗಿ ತುಂಬುತ್ತೇವೆ! ಕರುಣೆಯಿಂದಲೇ ತುಂಬುತ್ತೇವೆ, ಅದೇ ಕಷ್ಟ. ಕಾಣದ್ದಕ್ಕೆ ಸಾಕ್ಷಿ ಹೇಳಿದರೆ, ಕರುಣೆಯಿಂದ ಹೇಳಿದರೂ ಅದು ಸುಳ್ಳುಸಾಕ್ಷಿಯೇ.

ಈಗ ಯಾವ ಮಗುವಾದರೂ ‘ಗೊತ್ತಿಲ್ಲ ಟೀಚರ್’ ಎಂದರೆ ನಾನು ರೇಗುವುದಿಲ್ಲ. “ಸರಿ, ಕೂತ್ಕೋ. ಹುಡುಕೋಣ” ಎನ್ನುತ್ತೇನೆ.