ಅಭಾವದ ಕಾಲದ ಧರ್ಮ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮಲ್ಲಿ ಅನೇಕರಿಗೆ ಮೊದಲು ಅನ್ನ ಬಡಿಸಿದ್ದು ಯಾವುದೋ ಒಂದು ಹೋಟೆಲು ಇಲ್ಲವೇ ಖಾನಾವಳಿ. ಯಾರೋ ಬೇಯಿಸಿದ್ದನ್ನು ನಂಬಿ ಉಣ್ಣುವುದನ್ನು ನಾವು ಕಲಿತದ್ದು ಅಲ್ಲಿಯೇ. ಕಷ್ಟಕಾಲ ಬಂದಾಗ ಆ ನಂಬಿಕೆಗೆ ಬಡಿಸುವವನು ಹೇಗೆ ನಡೆದುಕೊಳ್ಳಬೇಕು?

ಬೆಂಗಳೂರಿನ ಒಂದು ಹೋಟೆಲಿನ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ 'ಬ್ರಾಹ್ಮಣ ಕಾಫಿ ಕ್ಲಬ್' ತೆರೆದರು. ಅದೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್, ಅಂದರೆ ಎಂ.ಟಿ.ಆರ್. ಆಯಿತು. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಆ ಮನೆತನದವರು ಹೇಳುತ್ತಾರೆ. ಅಕ್ಕಿಯ ಬದಲು ರವೆ ಬಂತು; ಹೆಸರೂ ರವೆ ಇಡ್ಲಿ ಎಂದೇ ಆಯಿತು. ಇಲ್ಲದ್ದನ್ನು ಇದೆಯೆಂದು ಹೇಳುವ ಪ್ರಮೇಯವೇ ಬರಲಿಲ್ಲ.

1975ರ ತುರ್ತು ಪರಿಸ್ಥಿತಿಯ ಕಾಲದ ಕಷ್ಟ ಬೇರೆ ಬಗೆಯದು. ಹೋಟೆಲಿನ ತಿಂಡಿ ಊಟಗಳನ್ನು ಕಡಿಮೆ ದರಕ್ಕೆ ಮಾರಬೇಕೆಂದು ಸರ್ಕಾರದ ಕಟ್ಟಪ್ಪಣೆಯಾಯಿತು. ಆ ದರದಲ್ಲಿ ಹಿಂದಿನ ಗುಣಮಟ್ಟ ಉಳಿಸಿಕೊಳ್ಳುವುದು ದುಸ್ತರವಾದಾಗ ಆ ಮನೆತನ ಪೊಟ್ಟಣದ ಪುಡಿಗಳ, ದಿಢೀರ್ ತಿಂಡಿಗಳ ಉದ್ಯಮಕ್ಕೆ ಕೈಹಾಕಿತು. ಬಡವನಿಗೂ ಅಗ್ಗವಾಗಿ ಊಟ ಸಿಗಲಿ ಎಂಬ ಆಸೆ ತಪ್ಪಲ್ಲ. ಆದರೆ ತುಪ್ಪಕ್ಕೆ, ಬೇಳೆಗೆ, ಬಾಣಸಿಗನ ಸಂಬಳಕ್ಕೆ ಯಾರಾದರೂ ದುಡ್ಡು ಕೊಡಲೇಬೇಕಲ್ಲ!

ನಾನು ಒಬ್ಬಂಟಿಯಾಗಿದ್ದಾಗ ಉಣ್ಣುತ್ತಿದ್ದ ಖಾನಾವಳಿಯಲ್ಲಿ ಒಂದು ವರ್ಷ ಮಜ್ಜಿಗೆ ತೆಳ್ಳಗಾಯಿತು, ಸಾರಿನಲ್ಲಿ ಬೇಳೆ ಕಾಣದಾಯಿತು. ದರ ಮಾತ್ರ ಅಷ್ಟೇ. ಬಹುಕಾಲದ ಮೇಲೆ ಧಣಿಗಳನ್ನು ಕೇಳಿದೆ. "ದರ ಏರಿಸಿದರೆ ಮಿಲ್ಲಿನ ಹುಡುಗರು ಎಲ್ಲಿಗೆ ಹೋಗಬೇಕು ಮಾರಾಯ್ರೆ?" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಅವರು ತಿಂಗಳುಗಟ್ಟಲೆ ಸಾಲ ಬರೆದು ಉಣಿಸಿದ್ದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಅವರು ಮಾಡಿದ್ದು ಸರಿಯೇ? ದಯೆಯಿಂದ ಮಾಡಿದ್ದೆಂಬುದು ನಿಜ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. "ಬೇಳೆ ತುಟ್ಟಿಯಾಗಿದೆ, ಇನ್ನು ಸಾರು ಇಷ್ಟೇ" ಎಂದು ಒಂದು ಹಲಗೆಯ ಮೇಲೆ ಬರೆದಿದ್ದರೆ ನಾವೆಲ್ಲ ಅದೇ ಸಾರನ್ನು ಉಣ್ಣುತ್ತಿದ್ದೆವು. ಎರಡು ಕಾಸು ಹೆಚ್ಚು ಕೊಡಬಲ್ಲವರು ಕೊಡುತ್ತಲೂ ಇದ್ದೆವು. ನಮ್ಮ ಪರವಾಗಿ ಅವರೇ ತೀರ್ಮಾನಿಸಿದರು. ನಮಗೆ ಒಪ್ಪಿಗೆಯೋ ಎಂದು ಕೇಳಲಿಲ್ಲ. ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ.

ತಪ್ಪು ಅವರೊಬ್ಬರದೂ ಅಲ್ಲ. ಮಜ್ಜಿಗೆ ತೆಳ್ಳಗಾದದ್ದು ನಮಗೆ ಮೊದಲ ದಿನವೇ ಗೊತ್ತಿತ್ತು. ಕೇಳಿದರೆ ದರ ಏರೀತೆಂದು ಸುಮ್ಮನಿದ್ದೆವು. ಅಗ್ಗದ ಆಸೆಯಿಂದ ಬಾಯಿ ಮುಚ್ಚಿದವನು ಆ ನೀರಿನಲ್ಲಿ ಒಂದು ಚೊಂಬು ತಾನೂ ಸುರಿದಂತೆಯೇ.

ಅಭಾವ ಯಾರನ್ನೂ ಬಿಟ್ಟಿದ್ದಲ್ಲ. ಅಕ್ಕಿ ಇಲ್ಲದಿದ್ದರೆ ರವೆಯಾದೀತು. ಆದರೆ ಅದು ರವೆ ಎಂದು ಹೇಳುವ ಧೈರ್ಯ ಬಡಿಸುವವನಿಗೆ ಬೇಕು, ಕೇಳಿಸಿಕೊಳ್ಳುವ ತಾಳ್ಮೆ ಉಣ್ಣುವವನಿಗೆ ಬೇಕು. ನಮ್ಮ ಮನೆಗಳಲ್ಲಿ, ನಮ್ಮ ಸಂಘ ಸಂಸ್ಥೆಗಳಲ್ಲಿಯೂ ಇಷ್ಟು ಸಾಧಿಸಿದರೆ ಸಾಕಲ್ಲವೇ?